ಲಾಲ್‌ಬಾಗು: ಗಾಜಿನ ಮನೆ ಮತ್ತು ಬೂರುಗದ ಮರ

ಬೆಂಗಳೂರಿನ ಲಾಲ್‌ಬಾಗಿನ ಕೀರ್ತಿಯೆಲ್ಲ ಗಾಜಿನ ಮನೆಯ ಕಬ್ಬಿಣದ ಕಂಬಗಳನ್ನೇ ಆಶ್ರಯಿಸಿದೆಯೆಂದು ನಂಬಿ ಬರೆಯುವವರ ಪರಂಪರೆ ನಮ್ಮಲ್ಲಿ ದೀರ್ಘವಾದುದು. 1889ರಲ್ಲಿ ಆಂಗ್ಲ ರಾಜಕುಮಾರನು ಅದಕ್ಕೆ ಅಡಿಗಲ್ಲಿಟ್ಟುದು ಮೊದಲ್ಗೊಂಡು ಇಂದಿನ ಫಲಪುಷ್ಪ ಪ್ರದರ್ಶನದವರೆಗಿನ ವೃತ್ತಾಂತವನ್ನು ಬಲ್ಲವರಿಗೆ ಮತ್ತೆ ಹೇಳಬೇಕಾಗಿಲ್ಲ. ಆ ಕಟ್ಟಡ ಸುಂದರವೇ ಸರಿ. ಆದರೆ ಉದ್ಯಾನಕಲೆಯ ದೃಷ್ಟಿಯಿಂದ ಅದು ದ್ವಿತೀಯ ಶ್ರೇಣಿಯದು: ದೂರದಿಂದಲೇ, ಒಂದೇ ನೋಟಕ್ಕೆ, ತನ್ನ ಸರ್ವಸ್ವವನ್ನೂ ಒಪ್ಪಿಸಿಬಿಡುವ ಅದರಲ್ಲಿ, ಸಮೀಪಿಸಿದವನಿಗೆ ಕಾದಿರಿಸಿದ ವಿಸ್ಮಯ ಯಾವುದೂ ಇಲ್ಲ.

ಇದಕ್ಕೆ ಪ್ರತಿಯಾಗಿ ಅಲ್ಲಿಯ ಹಳೆಯ ಬಿಳಿ ಬೂರುಗವನ್ನು ನೋಡಬೇಕು. ಹಲಗೆಗಳಂತೆ ನೆಲದಿಂದೆದ್ದು ಹರಡಿಕೊಂಡಿರುವ ಅದರ ಬೇರುಗಳನ್ನು ಕಣ್ತುಂಬ ಕಾಣುವಷ್ಟು ಹತ್ತಿರ ಹೋದವನಿಗೆ ಶಿರೋಭಾಗವು ದೃಷ್ಟಿಯಿಂದ ಜಾರಿಹೋಗುತ್ತದೆ; ಕೊಂಬೆಗಳ ವಿಸ್ತಾರವನ್ನು ಅಳೆಯಲೆಂದು ಹಿಂದೆ ಸರಿದರೆ ಬೇರಿನ ಮಡಿಕೆಗಳು ಒಂದರೊಳಗೊಂದು ಬೆರೆತು ಬರಿಯ ಗಾತ್ರವಾಗಿ ಉಳಿಯುತ್ತವೆ. ಬಳಸಿಕೊಂಡು ನಡೆದರೆ, ಎರಡು ಬೇರುಗಳ ನಡುವಣ ಒಂದೊಂದು ಅವಕಾಶವೂ ಬೇರೆ ಬೇರೆ ನೆರಳನ್ನು, ಬೇರೆ ಬೇರೆ ಆಳವನ್ನು ಪಡೆದು, ಈಗಷ್ಟೇ ಕಂಡುದನ್ನು ತಿದ್ದುತ್ತಲೇ ಇರುತ್ತದೆ. ಸಮಗ್ರವಾಗಿ ಈ ಮರವು ಯಾರಿಗೂ, ಎಲ್ಲಿ ನಿಂತರೂ, ದೊರಕುವುದಿಲ್ಲ. ನೋಡುವವನ ಕಾಲ್ನಡಿಗೆಯೇ ಅದರ ಅನ್ವಯಕ್ರಮ. ಉದ್ಯಾನದ ಕಾಲುದಾರಿಗಳಿಗೆ ಅರ್ಥವಿರುವುದಾದರೆ ಅದು ಇಂಥಲ್ಲಿ.

ಇನ್ನು ನಮ್ಮ ವಿಮರ್ಶಕರ ಕಲಹ. ಒಂದು ಪಕ್ಷವು ಹೈದರಾಲಿ 1760ರಲ್ಲಿ ತೊಡಗಿ ಟಿಪ್ಪು ಬೆಳೆಸಿದ ದೇಶೀಯ ತೋಟವೆಂದರೆ, ಇನ್ನೊಂದು ಪಕ್ಷವು ತೋಟದ ಮೇಲ್ವಿಚಾರಕರಾಗಿದ್ದ ಕ್ಯಾಮರನ್ ಮತ್ತು ಕ್ರುಂಬಿಗಲ್ಲರ ಹೆಸರೆತ್ತಿ, ಲಂಡನ್ನಿನ ಕ್ಯೂ ಉದ್ಯಾನದ ಶಿಷ್ಯತ್ವವನ್ನು ಕೊಂಡಾಡುತ್ತದೆ. ಉಭಯರೂ ಮುಂಜಾನೆ ಅಲ್ಲಿ ನಡೆದಾಡುವವರಲ್ಲವೆಂದು ನನ್ನ ಗುಮಾನಿ. ಬೂರುಗದ ತೌರು ಅಮೆರಿಕದ ಉಷ್ಣವಲಯ, ಮಳೆಮರದ್ದೂ ಅದೇ; ಗುಲ್‌ಮೊಹರು ಮಡಗಾಸ್ಕರಿನದು; ಅರೌಕೇರಿಯಗಳಲ್ಲಿ ಕೆಲವು ಶಾಂತಸಾಗರದ ದ್ವೀಪಗಳವು. ಕೆಂಪೇಗೌಡನ ಗೋಪುರವನ್ನು ಹೊತ್ತಿರುವ, ಮುನ್ನೂರು ಕೋಟಿ ವರ್ಷಗಳಷ್ಟು ಪ್ರಾಚೀನವಾದ ಆ ಬಂಡೆಯ ಎದುರಿನಲ್ಲಿ ಸ್ವದೇಶಿ ವಿದೇಶಿಗಳ ಲೆಕ್ಕ ಹಾಕುವುದು ವಿನೋದವೇ ಸರಿ. ಕ್ರುಂಬಿಗಲ್ಲನಿಗಾದರೂ ನ್ಯಾಯ ಸಂದಿದೆಯೆ? ವರ್ಷದ ಯಾವ ಮಾಸದಲ್ಲಿಯೂ ಊರಿನ ಯಾವುದಾದರೊಂದು ಬೀದಿಯಲ್ಲಿ ಮರಗಳು ಹೂತಿರುವಂತೆ ಯೋಜಿಸಿದ ಆತನು ಕಾಲವನ್ನೇ ಉಪಾದಾನವಾಗಿ ಬಳಸಿದವನು. ಆತನ ಭಕ್ತರು ಹೂವನ್ನು ಮಾತ್ರ ಹಿಡಿದುಕೊಂಡಿದ್ದಾರೆ.

ಪ್ರದರ್ಶನದ ದಿನಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆಂಬುದನ್ನೇ ಉದ್ಯಾನದ ಸಾಫಲ್ಯಕ್ಕೆ ಪ್ರಮಾಣವೆಂದು ಎಣಿಸುವ ಮಹನೀಯರು, ಗಾಜಿನ ಮನೆಯೊಳಗೆ ಹೂವಿನಿಂದ ಕಟ್ಟಿದ ಗೋಪುರ ಮಂಟಪಗಳ ವರ್ಣನೆಗೆ ಸುರಿಯುವ ಪುಟಗಳಲ್ಲಿ ಹತ್ತರಲ್ಲೊಂದು ಪಾಲನ್ನು ಬೂರುಗದ ಬುಡಕ್ಕೆ ಮೀಸಲಿರಿಸಿದ್ದರೆ, ಈ ಲೇಖನವನ್ನು ಬರೆಯಬೇಕಾಗುತ್ತಿರಲಿಲ್ಲ.