ಮೇಣ ಮುಟ್ಟಬಹುದು, ಮರ ಮುಟ್ಟಬಾರದು

ಹಳೆಯ ವೀಣೆಯ ಭಾಗಗಳಲ್ಲಿ ಎರಡು ಬಗೆ. ಸವೆದಾಗ ಬದಲಾಯಿಸಲೆಂದೇ ಮಾಡಿದವು ಒಂದು ಬಗೆ: ತಂತಿ, ಮೇಣ, ಮೇಣದ ಮೇಲೆ ಕೂರುವ 24 ಮೆಟ್ಟಿಲು, ಕುದುರೆಯ ನೆತ್ತಿಯ ಲೋಹದ ತಗಡು, ಬಿರಡೆ, ಮೇಲಿನ ಬುರುಡೆ. ಒಮ್ಮೆ ಕೆತ್ತಿದ ಮೇಲೆ ಕೈ ಹಚ್ಚಬಾರದವು ಇನ್ನೊಂದು ಬಗೆ: ಕೊಡ, ಕೊಡದ ಮೇಲ್ಹಲಗೆ, ದಂಡಿ, ಬಿರಡೆ ತೂರುವ ತೂತುಗಳಿರುವ ಮರ. ಕೊಳ್ಳುವ ಮುಂಚಿನ ಪರೀಕ್ಷೆ, ಕೊಂಡ ಮೇಲಿನ ರಿಪೇರಿ, ಪಿಕಪ್ ಹಾಕಿಸುವುದೋ ಬೇಡವೋ ಎಂಬ ಮನೆಮಂದಿಯ ಚರ್ಚೆ, ಎಲ್ಲವೂ ಈ ವಿಂಗಡಣೆಯ ಮೇಲೆ ನಿಲ್ಲುತ್ತವೆ.

ದಕ್ಷಿಣ ಬೆಂಗಳೂರಿನಲ್ಲಿ ಹಳೆಯ ವೀಣೆಗಳು ಹೊರಬರುವುದು ಅಂಗಡಿಗಿಂತ ಹೆಚ್ಚಾಗಿ ಮನೆಗಳಿಂದ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಮೇಲಿನ ದಶಕಗಳಲ್ಲಿ ಅಲ್ಲಿಯೂ ಬನಶಂಕರಿಯಲ್ಲಿಯೂ ಎದ್ದ ಮನೆಗಳನ್ನು ಈಗ ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಅಜ್ಜಿಯ ಕಾಲದ ವೀಣೆ ಅಟ್ಟದಿಂದ ಇಳಿದು ಹೊಸ ಕೈ ಹುಡುಕುತ್ತದೆ. ಮಾರುವವರಿಗೆ ಅದರ ವಿವರ ತಿಳಿದಿರುವುದು ಅಪರೂಪ. ಬೀಟೆಮರದ್ದಾದರೆ ಮೈಸೂರಿನದು, ಹಲಸಿನದಾದರೆ ತಂಜಾವೂರಿನದು ಎಂಬ ಲೆಕ್ಕ ಬಹುಮಟ್ಟಿಗೆ ಸರಿಯಾದರೂ ಮರದ ಜಾತಿಯನ್ನು ಪಾಲಿಶ್‌ನ ಬಣ್ಣದಿಂದ ಗುರುತಿಸಲಾಗದು. ಹಲಸಿಗೂ ಕಪ್ಪು ಬಳಿದಿರುತ್ತಾರೆ. ಬಿರಡೆಗಳ ಹಿಂದಿನ ಪೊಟರೆ, ನಾದರಂಧ್ರದ ಅಂಚಿನ ಒಳಮೈ, ಇಂಥ ಪಾಲಿಶ್ ತಲುಪದ ಜಾಗಗಳಲ್ಲಿ ಟಾರ್ಚ್ ಹಾಕಿ ನೋಡಿದರೆ ಮರದ ನಿಜವಾದ ಬಣ್ಣ ಕಾಣುತ್ತದೆ. ಕಣ್ಣು ಪಳಗಿಸಿಕೊಳ್ಳಲು ಜೆ.ಪಿ. ನಗರ 7ನೇ ಹಂತದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯದ ವಾದ್ಯಗಳ ವಿಭಾಗವಿದೆ. ಕಿವಿ ಪಳಗಿಸಿಕೊಳ್ಳಲು ಬೆಂಗಳೂರು ಆಕಾಶವಾಣಿಯಲ್ಲಿ ದುಡಿದ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರ ಧ್ವನಿಮುದ್ರಣಗಳಿಗಿಂತ ಒಳ್ಳೆಯ ಪಾಠವಿಲ್ಲ. ಮೀಟಿದ ಸ್ವರ ಒತ್ತಾಯವಿಲ್ಲದೆ ಎಷ್ಟು ಹೊತ್ತು ನಿಲ್ಲಬಹುದು ಎಂಬುದಕ್ಕೆ ಅವೇ ಅಳತೆ.

ಪರೀಕ್ಷೆ ಶುರುವಾಗಬೇಕಾದದ್ದು ಕೊಡವೂ ದಂಡಿಯೂ ಕೂಡುವ ಜಾಗದಿಂದ. ಏಳು ತಂತಿಗಳ ಎಳೆತ ಹಗಲಿರುಳು ಬೀಳುವುದು ಅಲ್ಲಿಗೇ. ಏಕಾಂಡ ವೀಣೆಯಲ್ಲಿ, ಅಂದರೆ ಒಂದೇ ಮರದ ತುಂಡಿನಲ್ಲಿ ಕೊಡ, ದಂಡಿ ಎರಡನ್ನೂ ಕಡೆದದ್ದರಲ್ಲಿ, ಅಲ್ಲಿ ಬೆಸುಗೆಯೇ ಇರುವುದಿಲ್ಲ. ಜೋಡಿಸಿದ ವೀಣೆಯಲ್ಲಿ ಬೆಸುಗೆ ಅಲಂಕಾರದ ಪಟ್ಟಿಯ ಕೆಳಗೆ ಅಡಗಿರುತ್ತದೆ. ಪಟ್ಟಿ ಒಂದು ಕಡೆ ಎದ್ದಿದ್ದರೆ ಒಳಗಿನ ಅಂಟು ಬಿಟ್ಟಿದೆ ಎಂದರ್ಥ. ಆಮೇಲೆ ಕುದುರೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯ ಉದ್ದಕ್ಕೂ ನೋಟ ಹಾಯಿಸಬೇಕು. ಮೇಣದ ದಪ್ಪ ಒಂದು ತುದಿಯಲ್ಲಿ ಕಡಿಮೆ, ನಡುವೆ ಎದ್ದು ಕಾಣುವಷ್ಟು ಹೆಚ್ಚು ಇದ್ದರೆ, ದಂಡಿ ಬಾಗಿರುವುದನ್ನು ಯಾರೋ ಮೇಣದಿಂದ ಮುಚ್ಚಿದ್ದಾರೆ. ಕುದುರೆಯ ಅಡಿಯ ಮೇಲ್ಹಲಗೆಗೆ ಅಡ್ಡಲಾಗಿ ಸ್ಕೇಲ್ ಇಟ್ಟರೆ ಕುಸಿತ ಗೊತ್ತಾಗುತ್ತದೆ. ಕೊಡದ ಹೊಟ್ಟೆಯನ್ನು ಗೆಣ್ಣಿನಿಂದ ತಟ್ಟಿದಾಗ ಗರಗರ ಎಂದರೆ ಎಲ್ಲೋ ಬಿರುಕಿದೆ. ಸೂಜಿಮೊನೆಯ ತೂತುಗಳಿಂದ ಹಿಟ್ಟು ಉದುರುತ್ತಿದ್ದರೆ ಮರದೊಳಗೆ ಹುಳು ಜೀವಂತವಿದೆ.

ಕೊಳ್ಳುವವರನ್ನು ಹೆದರಿಸಿ ಓಡಿಸುವ ದೋಷಗಳು ಇವಲ್ಲ. ಅವರು ಹೆದರುವುದು ಅಪಸ್ವರಕ್ಕೆ, ಜರ್ ಎನ್ನುವ ತಂತಿಗೆ, ಓರೆಯಾದ ಮೆಟ್ಟಿಲಿಗೆ, ಕಿತ್ತುಬಂದ ಮೇಣಕ್ಕೆ. ಬಿಟ್ಟ ಸಾರಣಿಯ (ಮೊದಲ ತಂತಿಯ) ತಾರಸ್ಥಾಯಿ ಹನ್ನೆರಡನೆಯ ಮೆಟ್ಟಿಲಿನಲ್ಲಿ ಸಿಗದೆ ಅತ್ತಿತ್ತ ಜಾರಿದ್ದರೆ ವೀಣೆಯೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಮೇಳ ಕಟ್ಟುವ, ಅಂದರೆ ಮೇಣದ ಮೇಲೆ ಮೆಟ್ಟಿಲುಗಳನ್ನು ಶ್ರುತಿಗೆ ಕೂರಿಸುವ, ನುರಿತ ಕೈಗೆ ಅದು ದಿನನಿತ್ಯದ ಕೆಲಸ. ಥಳಥಳ ಹೊಳೆಯುವ ಹೊಸ ಪಾಲಿಶ್‌ನ ವೀಣೆಯ ಮುಂದೆ ಇದೇ ಜನ ಮೈಮರೆಯುತ್ತಾರೆ. ಆ ಹೊಳಪಿನ ಕೆಳಗಿನ ಬಾಗಿದ ದಂಡಿ ಯಾರ ಕೈಯಲ್ಲೂ ಪೂರ್ತಿ ನೆಟ್ಟಗಾಗದು.

ಬೆಲೆ ಮಾತಾಡುವ ಮುಂಚೆ ಬಿಳಿ ಕುಸುರಿಯನ್ನು ನೋಡಬೇಕು. ಹಳೆಯ ಮೈಸೂರು ವೀಣೆಗಳಲ್ಲಿ ದಂತದ ಕೆತ್ತನೆ ಇರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲೂ 1991ರಲ್ಲೂ ಆದ ತಿದ್ದುಪಡಿಗಳಿಂದ ದೇಶದೊಳಗೆ ದಂತದ ವ್ಯಾಪಾರ ನಿಂತಿದೆ. ಮನೆಯಲ್ಲಿ ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು. ಆ ಪತ್ರ ಇದ್ದರೂ ಮಾರುವಂತಿಲ್ಲ. ವಾರಸಿಕೆಯಲ್ಲಿ ಬರಬಹುದು, ದುಡ್ಡಿಗೆ ಬರಕೂಡದು. ಭೂತಗನ್ನಡಿಯಲ್ಲಿ ನೋಡಿದರೆ ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ನವಿರು ಗೆರೆಗಳಿರುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಇರುವುದಿಲ್ಲ. ಅನುಮಾನ ಬಂದ ವೀಣೆ ಎಷ್ಟೇ ಚೆನ್ನಾಗಿ ನುಡಿದರೂ ಬಿಟ್ಟು ಬರುವುದೇ ಸರಿ.

ಇನ್ನು ಮೇಣ. ಜೇನುಮೇಣಕ್ಕೆ ರಾಳ ಮತ್ತು ಇದ್ದಿಲಪುಡಿ ಬೆರೆಸಿ ಕಾಯಿಸಿ, ದಂಡಿಯ ಎರಡು ಅಂಚಿಗೆ ಏರಿ ಕಟ್ಟಿ, ಅದರ ಮೇಲೆ ಕಂಚಿನ ಮೆಟ್ಟಿಲುಗಳನ್ನು ಒಂದೊಂದಾಗಿ ಕಿವಿಯಿಂದಲೇ ಕೂರಿಸುತ್ತಾರೆ. ಬಿಸಿಲಿಗೆ, ಬೆರಳಿನ ಒತ್ತಡಕ್ಕೆ ಮೇಣ ನಿಧಾನವಾಗಿ ಸರಿಯುತ್ತದೆ. ಅದಕ್ಕೇ ಕೆಲವು ವರ್ಷಕ್ಕೊಮ್ಮೆ ಮೇಳ ಕಟ್ಟಿಸಬೇಕು. ಇದನ್ನು ವೀಣೆಯ ದೌರ್ಬಲ್ಯ ಎಂದು ಎಣಿಸುವ ಒಂದು ಪಂಥ ಬೆಳೆದಿದೆ. ಮೇಣ ಕಿತ್ತು, ದಂಡಿಗೆ ಸ್ಕ್ರೂ ಹೊಡೆದು, ಎಂದೆಂದಿಗೂ ಅಲ್ಲಾಡದ ಮೆಟ್ಟಿಲು ಹಾಕಿಸಿ ಎನ್ನುವುದು ಅದರ ಬೋಧೆ. ಪ್ರಯಾಣಕ್ಕೆ ಅನುಕೂಲ, ಖರ್ಚಿಲ್ಲ, ಮೇಳ ಕಟ್ಟುವವರನ್ನು ಹುಡುಕಬೇಕಿಲ್ಲ ಎಂಬ ಅದರ ಮೂರು ಮಾತುಗಳೂ ನಿಜ. ಹಳೆಯ ವೀಣೆಯ ಮಟ್ಟಿಗೆ ಅದರ ತೀರ್ಮಾನ ಮಾತ್ರ ತಪ್ಪು.

ಕಾರಣ ತಿಳಿಯಲು ರಾಮಾಮಾತ್ಯನ ಬಳಿಗೆ ಹೋಗಬೇಕು. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ 1550ರಲ್ಲಿ ಅವನು ಬರೆದ ‘ಸ್ವರಮೇಳಕಲಾನಿಧಿ’ಯ ವೀಣಾ ಪ್ರಕರಣದಲ್ಲಿ ಮೆಟ್ಟಿಲು ನಿಲ್ಲಿಸುವವನ ಕಷ್ಟಗಳೆಲ್ಲ ಇವೆ. ಶುದ್ಧಮೇಳ, ಮಧ್ಯಮೇಳ, ಅಚ್ಯುತರಾಜೇಂದ್ರಮೇಳ ಎಂದು ಮೂರು ವೀಣೆಗಳನ್ನು ಹೇಳಿ, ಒಂದೊಂದರಲ್ಲೂ ಎರಡು ಭೇದ ಮಾಡುತ್ತಾನೆ: ರಾಗಕ್ಕೆ ತಕ್ಕಂತೆ ಮೆಟ್ಟಿಲು ಜೋಡಿಸಿಕೊಳ್ಳುವ ಏಕರಾಗಮೇಳ, ಎಲ್ಲ ರಾಗಕ್ಕೂ ಒಂದೇ ಜೋಡಣೆ ಸಾಕಾಗುವ ಸರ್ವರಾಗಮೇಳ. ಶುದ್ಧಮೇಳ ವೀಣೆಯ ನಾಲ್ಕು ತಂತಿಗಳನ್ನು ಷಡ್ಜ, ಪಂಚಮ, ಷಡ್ಜ, ಮಧ್ಯಮಗಳಿಗೆ ಶ್ರುತಿ ಮಾಡಿಸುತ್ತಾನೆ. ಒಂದು ತಂತಿಯಲ್ಲಿ ಹುಟ್ಟಿದ ಸ್ವರವನ್ನು ಇನ್ನೊಂದು ತಂತಿಯಲ್ಲಿ ಹುಟ್ಟುವ ಸ್ವರಕ್ಕೆ ಹೋಲಿಸುತ್ತ ಮೆಟ್ಟಿಲುಗಳನ್ನು ಊರುತ್ತಾನೆ. ತಂತಿ ನಾಲ್ಕು, ಅವೆಲ್ಲಕ್ಕೂ ಅಡ್ಡಲಾಗಿ ಮೆಟ್ಟಿಲು ಒಂದೇ. ಹಾಗಾಗಿ ಒಂದು ತಂತಿಗೆ ನ್ಯಾಯ ಸಲ್ಲಿಸಿದರೆ ಇನ್ನೊಂದಕ್ಕೆ ಎಲ್ಲಿ ಅನ್ಯಾಯವಾದೀತೋ ಎಂಬ ಎಚ್ಚರ ಹೆಜ್ಜೆಹೆಜ್ಜೆಗೂ ಬೇಕು. ಅಂತರ ಗಾಂಧಾರಕ್ಕೂ ಕಾಕಲಿ ನಿಷಾದಕ್ಕೂ ಬೇರೆ ಮೆಟ್ಟಿಲು ಇಡುವ ಬದಲು ಪಕ್ಕದ ಚ್ಯುತಮಧ್ಯಮ ಗಾಂಧಾರ, ಚ್ಯುತಷಡ್ಜ ನಿಷಾದಗಳಿಂದಲೇ ಅವುಗಳ ಕೆಲಸ ನಡೆಸಿಕೊಳ್ಳಬಹುದು ಎಂದು ಅವನು ನಿರ್ಣಯಿಸುವುದು ಈ ಗ್ರಂಥದ ಬಲು ದೊಡ್ಡ ಗಳಿಗೆ. ದಂಡಿಯ ಮೇಲಿನ ಜಾಗದ ಇಕ್ಕಟ್ಟು ಅಲ್ಲಿ ಶಾಸ್ತ್ರವನ್ನೇ ಬದಲಿಸಿತು.

ಮುಂದಿನ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ ವೀಣೆಯ ಮೆಟ್ಟಿಲುಗಳು 24ಕ್ಕೆ ನಿಂತವು ಎನ್ನುತ್ತದೆ ಪರಂಪರೆ. ಅವನ ಮಂತ್ರಿ ಗೋವಿಂದ ದೀಕ್ಷಿತ ಕನ್ನಡ ಮನೆತನದವನು. ಸ್ಥಾಯಿಗೆ ಹನ್ನೆರಡು ಸ್ವರಸ್ಥಾನ ಹಿಡಿದು 72 ಮೇಳಗಳನ್ನು ಲೆಕ್ಕ ಹಾಕಿ ‘ಚತುರ್ದಂಡಿಪ್ರಕಾಶಿಕಾ’ ಬರೆದ ವೆಂಕಟಮಖಿ ಆ ದೀಕ್ಷಿತನ ಮಗ. ಅಂದರೆ ಇವತ್ತಿನ ವೀಣೆಯೇ ಒಂದು ದೊಡ್ಡ ಮಾರ್ಪಾಡಿನ ಫಲ. ಮಾರ್ಪಾಡು ಎಂದೊಡನೆ ಮುಖ ತಿರುಗಿಸುವ ಸಂಪ್ರದಾಯಸ್ಥರು ಇದನ್ನು ಮರೆಯಬಾರದು. ಆದರೆ ರಾಮಾಮಾತ್ಯನ ಆ ನಿರ್ಣಯ ಇಂದಿನ ಮೇಳ ಕಟ್ಟುವವರ ಬೆರಳಿನಲ್ಲಿ ಪ್ರತಿಸಲವೂ ಮತ್ತೆ ನಡೆಯುತ್ತದೆ. ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ಸಾರಣಿಗೂ ಅನುಮಂದ್ರ ತಂತಿಗೂ ರಾಜಿ ಮಾಡಿಸಿ, ಈ ದಂಡಿಯ ಈಗಿನ ಬಾಗು ಎಷ್ಟಿದೆಯೋ ಅಷ್ಟಕ್ಕೇ ಎತ್ತರ ಹೊಂದಿಸುತ್ತಾರೆ. ಮರ ವರ್ಷವರ್ಷಕ್ಕೂ ಬದಲಾಗುತ್ತದೆ. ಮೇಣ ಅದರೊಂದಿಗೆ ಬದಲಾಗಬಲ್ಲದು, ಸ್ಕ್ರೂ ಬದಲಾಗಲಾರದು. ಅಲ್ಲಾಡದ ಮೆಟ್ಟಿಲೇ ಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಬೇರೆ ದಾರಿಯಿದೆ. 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಮೇಣದ ಗೊಡವೆಯಿಲ್ಲದ, ವಿದ್ಯುತ್ತಿನಿಂದ ನುಡಿಯುವ ಡಿಜಿಟಲ್ ವೀಣೆಯನ್ನೂ ರೂಪಿಸಿದರು. ಆ ಅಗತ್ಯಕ್ಕೆಂದೇ ಹುಟ್ಟಿದ ವಾದ್ಯವದು. ಅದಿರುವಾಗ ಹಳೆಯ ದಂಡಿಗೆ ಮೊಳೆ ಹೊಡೆಯಬೇಕಾದ ಗತಿ ಯಾರಿಗೂ ಬಂದಿಲ್ಲ.

ಉಳಿದ ಮಾರ್ಪಾಡುಗಳನ್ನು ಬೇಗ ಮುಗಿಸಬಹುದು. ಸೋರೆಬುರುಡೆ ಒಡೆದಿದ್ದರೆ ಫೈಬರ್ ಬುರುಡೆ ಹಾಕಿಸಲು ಅಡ್ಡಿಯಿಲ್ಲ. ಈ ವೀಣೆಯಲ್ಲಿ ಅದರ ಕೆಲಸ ಹೆಚ್ಚಾಗಿ ತೊಡೆಯ ಮೇಲೆ ಆಸರೆ ಕೊಡುವುದು, ತಿರುಗಿಸಿದರೆ ಬಿಚ್ಚಿಬರುತ್ತದೆ. ಅಂಟಿಸಿ ತೆಗೆಯಬಹುದಾದ ಕಾಂಟ್ಯಾಕ್ಟ್ ಮೈಕ್ ಸರಿ. ಅದರ ಜ್ಯಾಕ್‌ಗೆಂದು ಕೊಡಕ್ಕೆ ತೂತು ಕೊರೆಯುವುದು ಕೂಡದು. ಬಿರಡೆ ಜಾರುತ್ತದೆಂದು ಗಿಟಾರಿನ ಗೇರ್ ಕೀ ಹಾಕಿಸುವ ಚಾಳಿ ಇದೆ. ಅದಕ್ಕಾಗಿ ಓರೆಯಾಗಿ ಕಿರಿದಾಗುವ ಹಳೆಯ ತೂತುಗಳನ್ನು ಕೊರೆದು ನೇರ ಮಾಡುತ್ತಾರೆ, ಆಮೇಲೆ ಮರದ ಬಿರಡೆ ಅಲ್ಲಿ ಮತ್ತೆ ಕೂರದು. ಬೆಂಗಳೂರಿನ ಫೆಬ್ರವರಿ, ಮಾರ್ಚ್‌ನ ಒಣಹವೆಗೆ ಬಿರಡೆ ಸಡಿಲವಾಗುವುದು, ಮಳೆಗಾಲದಲ್ಲಿ ಬಿಗಿಯುವುದು ಸಹಜ. ಸೀಮೆಸುಣ್ಣದ ಪುಡಿ ಸಾಕು, ಸಾಲದಿದ್ದರೆ ಹೊಸ ಬಿರಡೆ ಕಡೆಸಬೇಕು. ಹಳೆಯ ಅರಗಿನ ಪಾಲಿಶ್ ಸ್ಪಿರಿಟ್‌ಗೆ ಕರಗುತ್ತದೆ, ಅದರ ಮೇಲೆ ಅದನ್ನೇ ಮತ್ತೆ ಹಚ್ಚಬಹುದು. ಮೆಲಮೈನ್ ಪಾಲಿಶ್ ಹಾಗಲ್ಲ. ಅದನ್ನು ಬಳಿಯಲೂ ತೆಗೆಯಲೂ ಮರಳುಕಾಗದ ಉಜ್ಜಬೇಕು, ಪ್ರತಿ ಉಜ್ಜಿಗೂ ಮೇಲ್ಹಲಗೆ ತೆಳುವಾಗುತ್ತದೆ.

ಹಳೆಯ ಬೇಸ್ ಗಿಟಾರ್ ಕೊಳ್ಳುವವರಿಗೆ ಈ ವಿಷಯದಲ್ಲಿ ಒಂದು ಕಾವಲಿದೆ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನ ಮೊದಲ ವರ್ಷಗಳ ಮಾದರಿಗೆ ಹೊಸ ಬಣ್ಣ ಬಳಿದರೆ, ಪಿಕಪ್ ಬದಲಿಸಿ ಮರ ಕೊರೆದರೆ, ಅದರ ಬೆಲೆ ಧುಮುಕುತ್ತದೆ. ಆ ಭಯವೇ ಎಷ್ಟೋ ವಾದ್ಯಗಳನ್ನು ಉಳಿಸಿದೆ. ಹಳೆಯ ವೀಣೆಗೆ ಅಂಥ ಮಾರುಕಟ್ಟೆ ಇಲ್ಲ. ಮೂಲಸ್ಥಿತಿಗೆ ಯಾರೂ ಹೆಚ್ಚು ದುಡ್ಡು ಕೊಡುವುದಿಲ್ಲ, ಕೆಡಿಸಿದ್ದಕ್ಕೆ ಕಡಿಮೆಯನ್ನೂ ಮಾಡುವುದಿಲ್ಲ, ಹೊಳಪಿಗೆ ಮಾತ್ರ ಹೆಚ್ಚು ಸಿಗುತ್ತದೆ. ಹಾಗಾಗಿ ವೀಣೆಯ ಮರಕ್ಕೆ ಕೊಂಡವರ ವಿವೇಕವೊಂದೇ ರಕ್ಷೆ. ಸ್ಟ್ರಾಡಿವರಿ ಮಾಡಿದ ಪಿಟೀಲುಗಳಿಗೂ ಹೊಸ ಕತ್ತು ಕೂರಿಸಿದ್ದಾರಲ್ಲ ಎಂದು ಕೇಳುವವರುಂಟು. ನಿಜ, ಬಹುಪಾಲು ಎಲ್ಲಕ್ಕೂ ಕೂರಿಸಿದ್ದಾರೆ. ಆದರೆ ಪಿಟೀಲಿನ ಕತ್ತು ಪೆಟ್ಟಿಗೆಗೆ ಸೇರಿಸಿದ ಬೇರೆ ತುಂಡು. ಏಕಾಂಡ ವೀಣೆಯ ದಂಡಿ ಕೊಡದ್ದೇ ಮರ.

ಮನೆಗೆ ತಂದ ಹಳೆಯ ವೀಣೆಗೆ ಮೊದಲು ಹೊಸ ತಂತಿ ಹಾಕಿಸಬೇಕು. ವರ್ಷಗಟ್ಟಲೆ ಸಡಿಲವಾಗಿದ್ದ ಮರವನ್ನು ಒಮ್ಮೆಲೇ ಪೂರ್ತಿ ಶ್ರುತಿಗೆ ಏರಿಸದೆ, ಕೆಲವು ವಾರ ಒಂದು ಮನೆ ಕೆಳಗೆ ನಿಲ್ಲಿಸಿ, ದಂಡಿ ನೆಲೆಗೊಂಡ ಮೇಲೆ ಮೇಳ ಕಟ್ಟಿಸಬೇಕು. ಕಟ್ಟುವಾಗ ನುಡಿಸುವವರು ಎದುರಿಗೇ ಕೂರಬೇಕು, ಏಕೆಂದರೆ ಮೆಟ್ಟಿಲಿನ ಎತ್ತರ ಅವರ ಬೆರಳಿನ ಒತ್ತಡಕ್ಕೆ ಹೊಂದಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಕಟ್ಟಿದ ಮೇಳ ಒಂದೇ ಮಧ್ಯಾಹ್ನದಲ್ಲಿ ಕೆಡುತ್ತದೆ. ದೂರದ ಪ್ರಯಾಣದ ಮಾತು ಬೇರೆ: ಬೀಟೆ ಸೇರಿದಂತೆ ಅದರ ಕುಲದ ಮರಗಳನ್ನು 2017ರಲ್ಲಿ, ಅಳಿವಿನ ಭಯವಿರುವ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿದಾಗ ವಿದೇಶಕ್ಕೆ ವೀಣೆ ಒಯ್ಯುವವರು ಪರದಾಡಿದರು. 2019ರ ನವೆಂಬರಿನಿಂದ ಸಿದ್ಧ ಸಂಗೀತವಾದ್ಯಗಳಿಗೆ ಅದರಲ್ಲಿ ವಿನಾಯಿತಿ ಸಿಕ್ಕಿದೆ. ಹೊಸ ಮೇಣ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಇಳಿಯುವುದರಿಂದ, ಎರಡನೆಯ ಸಲ ಕೆಲವು ಮೆಟ್ಟಿಲುಗಳನ್ನು ಸರಿಪಡಿಸುವ ಮಾತನ್ನು ಮೇಳ ಕಟ್ಟುವವರೊಂದಿಗೆ ಮುಂಚೆಯೇ ಆಡಿಕೊಳ್ಳುವುದು ಒಳ್ಳೆಯದು.