ಕಾಯಿಲೆಯವರ ಮೇಲೆ ಕಾವಲು

ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಉತ್ತರ ಕರ್ನಾಟಕದ ಕಾರ್ಮಿಕರಿಗೆ ನೌಕರರ ರಾಜ್ಯ ವಿಮೆಯ (ಇಎಸ್‌ಐ) ಕಾರ್ಡು ಹೊಸದೇನಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಂದ ಶೇ 0.75 ಮುರಿದುಕೊಳ್ಳುತ್ತಾರೆ; ಮಾಲೀಕರು ಶೇ 3.25 ಕಟ್ಟುತ್ತಾರೆ. ಬದಲಿಗೆ ಮನೆಮಂದಿಗೆ ಮಡಗಾಂವ್‌ನ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ, ಕಾಯಿಲೆ ಬಿದ್ದವರಿಗೆ ಪಗಾರದ ಶೇ 70ರಷ್ಟು ನಗದು. ಈ ಸೌಲಭ್ಯವನ್ನು ಯಾರೂ ದುರ್ಬಳಕೆ ಮಾಡಬಾರದೆಂದು 1948ರ ಇಎಸ್‌ಐ ಕಾಯ್ದೆ ಹಾಕಿದ ಕಟ್ಟುಪಾಡುಗಳು ಎಷ್ಟು ನ್ಯಾಯವಾಗಿವೆ?

ಜಾಣತನದ ಕಟ್ಟುಪಾಡು ಲೆಕ್ಕದಲ್ಲೇ ಇದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನವಾದರೂ ವಂತಿಗೆ ಕಟ್ಟಿರಬೇಕು. ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ ಮೀರುವಂತಿಲ್ಲ. ಅದಕ್ಕೆ ಪೂರ್ತಿ ಪಗಾರವಂತೂ ಸಿಗುವುದಿಲ್ಲ. ಹಬ್ಬಕ್ಕೆಂದು ಎರಡು ದಿನ ಸುಳ್ಳು ಜ್ವರ ಹೇಳಿದವರಿಗೆ ಇಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಯಾರನ್ನೂ ಕಳ್ಳರೆನ್ನದೆ ಕಳ್ಳಾಟವನ್ನು ತಡೆಯುವ ಕ್ರಮವಿದು.

ತಕರಾರಿರುವುದು ಹಳೆಯ ಕಾಯ್ದೆಯ 64ನೇ ಕಲಮಿನ ಬಗ್ಗೆ. ನಗದು ಪಡೆಯುವ ರೋಗಿ ಸೂಚಿಸಿದ ದವಾಖಾನೆಯ ಚಿಕಿತ್ಸೆಯಲ್ಲೇ ಇರಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವ ಕೆಲಸ ಮಾಡಬಾರದು, ಕರೆದಾಗ ತಪಾಸಣೆಗೆ ಹಾಜರಾಗಬೇಕು ಎಂದು ಅದು ಹೇಳುತ್ತಿತ್ತು. ಇಷ್ಟರವರೆಗೆ ಸರಿ. ಆದರೆ ವೈದ್ಯಾಧಿಕಾರಿಯ ಅನುಮತಿ ಇಲ್ಲದೆ ಚಿಕಿತ್ಸೆ ಸಿಗುವ ಪ್ರದೇಶ ಬಿಟ್ಟು ಹೋಗುವಂತೆಯೂ ಇರಲಿಲ್ಲ. ದವಾಖಾನೆಯ ಪಕ್ಕದಲ್ಲೇ ಸಂಸಾರ ಇರುವವರಿಗೆ ಇದು ಭಾರವಲ್ಲ. ಝುವಾರಿನಗರದ ಬಾಡಿಗೆ ಖೋಲಿಯಲ್ಲಿ ನಾಲ್ಕೈದು ಮಂದಿಯ ಜೊತೆ ಇರುವ ವಿಜಯಪುರದ ಹುಡುಗ ಕಾಮಾಲೆ ಬಂದು ಮಲಗಿದರೆ, ಹಗಲೆಲ್ಲ ಖೋಲಿಯಲ್ಲಿ ನೀರು ಕೊಡುವವರೂ ಇರುವುದಿಲ್ಲ. ಅವನು ರಾತ್ರಿ ಬಸ್ಸು ಹತ್ತಿ ಅವ್ವನ ಹತ್ತಿರ ಹೋಗುವುದು ದುರ್ಬಳಕೆ ಹೇಗಾದೀತು? ಬೇರೆ ವೈದ್ಯರ ಚೀಟಿಯನ್ನೂ ಪುರಾವೆಯೆಂದು ಒಪ್ಪುವ ಅವಕಾಶ ಇಎಸ್‌ಐ ನಿಗಮಕ್ಕಿದೆ. ಒಪ್ಪುವುದು ಬಿಡುವುದು ಮಾತ್ರ ಅಧಿಕಾರಿಯ ವಿವೇಚನೆ. ವಲಸೆ ಕಾರ್ಮಿಕರಿಗೆ ಅದು ಹಕ್ಕಾಗಿ ಸಿಗಬೇಕಿತ್ತು.

ಶಿಕ್ಷೆಯ ವಿಷಯದಲ್ಲಿ ಹಳೆಯ ಕಾಯ್ದೆ ಹೆಚ್ಚು ವಿವೇಕಿಯಾಗಿತ್ತು. ಸುಳ್ಳು ಹೇಳಿ ಹಣ ಪಡೆದರೆ 84ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇತ್ತು. ಅಪರಾಧ ಸಾಬೀತಾದ ಮೇಲೆ ನಿಗದಿತ ಅವಧಿಗೆ ನಗದು ಸೌಲಭ್ಯ ಕಡಿತವಾಗುತ್ತಿತ್ತು. ಆ ಕಡಿತದಲ್ಲಿ ಚಿಕಿತ್ಸೆಯ ಮಾತಿರಲಿಲ್ಲ. ಕಾರ್ಮಿಕರ ಪಗಾರದಿಂದ ಮುರಿದ ವಂತಿಗೆಯನ್ನು ಕಟ್ಟದೆ ನುಂಗುವ ಮಾಲೀಕರಿಗೆ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷದ ಸೆರೆಯನ್ನು 85ನೇ ಕಲಮು ಹೇಳುತ್ತಿತ್ತು. ದೊಡ್ಡ ತಪ್ಪಿಗೆ ದೊಡ್ಡ ಶಿಕ್ಷೆ ಎಂಬ ತೂಕ ಇಲ್ಲಿ ತಪ್ಪಿರಲಿಲ್ಲ.

ದೊಡ್ಡ ಮೊತ್ತದ ಗೋಲ್‌ಮಾಲ್ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಸರ್ಕಾರದ ಇನ್ನೊಂದು ಆರೋಗ್ಯ ಯೋಜನೆಯಾದ ಆಯುಷ್ಮಾನ್ ಭಾರತ್ ಕುರಿತ 2023ರ ಸಿಎಜಿ ವರದಿ ನೋಡಬೇಕು. ಮೊದಲೇ ಸತ್ತವರೆಂದು ದಾಖಲಾದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಸಂದಾಯವಾಗಿತ್ತು. ಸುಮಾರು ಏಳೂವರೆ ಲಕ್ಷ ಫಲಾನುಭವಿಗಳು ಒಂದೇ ಮೊಬೈಲ್ ನಂಬರಿಗೆ ಜೋಡಣೆಯಾಗಿದ್ದರು. ಫಲಾನುಭವಿಯನ್ನು ಗುರುತಿಸಲು ಮೊಬೈಲ್ ನಂಬರ್ ಬಳಸುವುದಿಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಅದನ್ನು ಒಪ್ಪಿದರೂ, ಸತ್ತವರ ಹೆಸರಿನಲ್ಲಿ ಬಿಲ್ಲು ಕಳಿಸಿದವರು ಆ ರೋಗಿಗಳಂತೂ ಅಲ್ಲ.

ಗೋವಾದಲ್ಲೇ ಇನ್ನೊಂದು ಬಗೆಯ ನಿರ್ಬಂಧವೂ ಇದೆ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ 2018ರ ಜನವರಿಯಿಂದ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕಿತು. ಕಾರವಾರ, ಸಿಂಧುದುರ್ಗದವರಿಗೆ ಅದರ ಬಿಸಿ ತಟ್ಟಿತು. ಗೋವಾದ ತೆರಿಗೆ ಹಣ ಮೊದಲು ಗೋವಾದವರಿಗೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಅದು ಖರ್ಚು ಹಂಚಿಕೊಳ್ಳುವ ಪ್ರಶ್ನೆ. ಎರಡು ಸರ್ಕಾರಗಳು ಕೂತು ಬಗೆಹರಿಸಬೇಕಾದದ್ದು. ಕಾರವಾರದಿಂದ ಹೋದ ರೋಗಿ ದುರ್ಬಳಕೆ ಮಾಡುತ್ತಿರುವವನಲ್ಲ, ಊರಲ್ಲಿ ಸಿಗದ ಚಿಕಿತ್ಸೆ ಹುಡುಕಿ ಹೋದವನು.

ಇಎಸ್‌ಐ ಕಾಯ್ದೆಯನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಲಾಗಿದೆ. ಹಳೆಯ ಕಟ್ಟುಪಾಡುಗಳನ್ನು ಮತ್ತೆ ತೂಗಿ ನೋಡಲು ಇದೇ ಸಮಯ. ಸುಳ್ಳು ಸಾಬೀತಾದರೆ ಹಣ ವಸೂಲಾಗಲಿ, ನಗದು ನಿಲ್ಲಲಿ. ಅದಕ್ಕೆ ಮುಂಚೆ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ನೋಟಿಸು ಕೊಟ್ಟು ಅವರ ಮಾತು ಕೇಳಲಿ. ಊರಿಗೆ ಹೋಗಿ ಸುಧಾರಿಸಿಕೊಳ್ಳುವ ರೋಗಿಗೆ ಊರಿನ ದವಾಖಾನೆಯ ಚೀಟಿ ಸಾಕಾಗಲಿ. ಯಾವ ಸಂದರ್ಭದಲ್ಲೂ ಚಿಕಿತ್ಸೆಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಬಾರದು.