ಅಟ್ಟ ಇದ್ದವರ ಇತಿಹಾಸ

1775ರ ಜೂನ್. ಬಾಸ್ಟನ್ ಪಟ್ಟಣದೊಳಗೆ ಬ್ರಿಟಿಷ್ ಸೈನ್ಯ, ಸುತ್ತಲೂ ವಸಾಹತಿನ ಜನರ ಮುತ್ತಿಗೆ. ಬಂಕರ್ ಹಿಲ್ ಕದನ ನಡೆದದ್ದೂ ಅದೇ ತಿಂಗಳು. ಅಲ್ಲಿಗೆ ಕೆಲವೇ ಮೈಲಿ ದೂರದ ಬ್ರೇಂಟ್ರಿಯಲ್ಲಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಕೂತ ಅಬಿಗೈಲ್ ಆಡಮ್ಸ್, ಫಿಲಡೆಲ್ಫಿಯಾದ ಕಾಂಗ್ರೆಸ್ಸಿಗೆ ಹೋದ ಗಂಡ ಜಾನ್‌ಗೆ ಪತ್ರ ಬರೆಯುತ್ತಾಳೆ. ಅದರಲ್ಲಿ ಯುದ್ಧದ ಸುದ್ದಿಯ ಜೊತೆಗೇ ಒಂದು ಕೋರಿಕೆ: ಊರಲ್ಲಿ ಗುಂಡುಸೂಜಿಗೆ ಹಾಹಾಕಾರ ಎದ್ದಿದೆ, ಅಲ್ಲಿ ಸಿಕ್ಕರೆ ಒಂದು ಕಟ್ಟು ಕಳಿಸಬೇಕು. ಕಟ್ಟಿಗೆ ಆರು ಸಾವಿರ ಸೂಜಿ. ಏಳೂವರೆ ಶಿಲಿಂಗಿಗೆ ಕೊಳ್ಳುತ್ತಿದ್ದ ಮಾಲಿಗೆ ಈಗ ಇಪ್ಪತ್ತು ಶಿಲಿಂಗ್ ಕೊಡುತ್ತೇನೆಂದರೂ ಸಿಗುತ್ತಿಲ್ಲ.

ಇಂಗ್ಲೆಂಡಿನ ಸರಕನ್ನು ಬಹಿಷ್ಕರಿಸುವ ನಿರ್ಧಾರವನ್ನು ಗಂಡಸರು ಸಭೆಯಲ್ಲಿ ಕೂತು ಮಾಡಿದ್ದರು. ಬಟ್ಟೆಗೆ ಹಾಕುವ ಸೂಜಿಯೂ ಇಂಗ್ಲೆಂಡಿನಿಂದಲೇ ಬರುತ್ತಿತ್ತು ಎಂಬುದು ನೆನಪಾದದ್ದು ಮನೆ ನಡೆಸುವವರಿಗೆ. ಆರಂಭಕಾಲದ ಅಮೆರಿಕದ ಕುಟುಂಬ ಪತ್ರಗಳಿಗೆ ಇಷ್ಟೊಂದು ಬೆಲೆ ಬಂದಿರುವುದು ಇಂಥ ಸಾಲುಗಳಿಂದ. ಆದರೆ ಆ ಪತ್ರಗಳನ್ನು ಕಾಪಾಡಿ, ತಿದ್ದಿ, ಅಚ್ಚು ಹಾಕಿ, ವ್ಯಾಖ್ಯಾನಿಸಿದ ಪರಂಪರೆ ಬಹುಕಾಲ ಇಂಥ ಸಾಲುಗಳನ್ನು ಮಹಾಪುರುಷರ ಕಥೆಗೆ ಅಂಟಿದ ಧೂಳೆಂದೇ ಎಣಿಸಿತು. ಆ ಪರಂಪರೆಯ ಸಾಧನೆ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಅದರ ಕುರುಡೂ ಅಷ್ಟೇ ದೊಡ್ಡದು.

ಮೊದಲು ಉಳಿವಿನ ಮಾತು. ಜಾನ್ ಮತ್ತು ಅಬಿಗೈಲ್ ನಡುವಿನ ಸಾವಿರದ ನೂರಕ್ಕೂ ಹೆಚ್ಚು ಪತ್ರಗಳು ಇಂದು ನಮಗೆ ಸಿಗುತ್ತವೆ. ಅವು ತಾವಾಗಿ ಉಳಿದವಲ್ಲ. 1776ರ ಜೂನ್‌ನಲ್ಲೇ ಜಾನ್ ಒಂದು ದೊಡ್ಡ ಖಾಲಿ ಪುಸ್ತಕ ಕೊಂಡು, ತಾನು ಬರೆಯುವ ಪತ್ರಗಳ ನಕಲನ್ನು ಅದರಲ್ಲಿ ಇಳಿಸಿಕೊಳ್ಳತೊಡಗಿದ. ಪತ್ರಗಳನ್ನು ಜೋಪಾನ ಮಾಡೆಂದು ಹೆಂಡತಿಗೂ ಹೇಳಿದ. ತನ್ನ ಕಾಗುಣಿತಕ್ಕೆ ತಾನೇ ನಾಚುತ್ತಿದ್ದ ಅವಳು ಸುಟ್ಟುಬಿಡಿ ಎಂದು ಮತ್ತೆಮತ್ತೆ ಕೇಳಿಕೊಂಡಳು. ಅವನು ಕೇಳಲಿಲ್ಲ. ಮಗ ಜಾನ್ ಕ್ವಿನ್ಸಿ, ಈ ಕಾಗದಗಳಿಗೆ ಬೆಂಕಿ ತಗುಲದ ಕಟ್ಟಡ ಬೇಕೆಂದು ಉಯಿಲಿನಲ್ಲಿ ಬರೆದಿಟ್ಟ. ಮೊಮ್ಮಗ ಚಾರ್ಲ್ಸ್ ಫ್ರಾನ್ಸಿಸ್ 1870ರಲ್ಲಿ ಕ್ವಿನ್ಸಿ ಊರಿನ ಮನೆಯ ಪಕ್ಕದಲ್ಲಿ ಕಲ್ಲಿನ ಗ್ರಂಥಾಲಯವನ್ನೇ ಕಟ್ಟಿಸಿದ. 1905ರಲ್ಲಿ ವಂಶಸ್ಥರು ಸೇರಿ ಟ್ರಸ್ಟ್ ಮಾಡಿದರು, 1956ರಲ್ಲಿ ಎಲ್ಲವನ್ನೂ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ದಾನವಾಗಿ ಕೊಟ್ಟರು. ಅಷ್ಟರಲ್ಲಿ ಮೈಕ್ರೋಫಿಲ್ಮ್ ಕೆಲಸವೂ ಶುರುವಾಗಿತ್ತು. ಮುಗಿದಾಗ ಸುರುಳಿಗಳ ಲೆಕ್ಕ 608.

ನಾಲ್ಕು ತಲೆಮಾರು ಒಂದೇ ಊರಲ್ಲಿ ನೆಲೆನಿಂತು, ಸೋರದ ಸೂರಿನಡಿ, ತಮ್ಮ ಮನೆತನದ ಕಾಗದಕ್ಕೆ ಲೋಕ ಮುಂದೊಮ್ಮೆ ಕೈ ಚಾಚುತ್ತದೆ ಎಂಬ ಭರವಸೆ ಇಟ್ಟುಕೊಂಡರೆ ಇಷ್ಟು ಉಳಿಯುತ್ತದೆ. ಆ ಭರವಸೆ ಎಲ್ಲರಿಗೂ ಇರಲಿಲ್ಲ, ಇದ್ದವರೆಲ್ಲರಿಗೂ ಲೋಕದ ಕೈ ಬೇಕಿರಲೂ ಇಲ್ಲ. ಮಾರ್ಥಾ ವಾಷಿಂಗ್ಟನ್ ಗಂಡನೊಡನೆ ನಡೆಸಿದ ಪತ್ರವ್ಯವಹಾರವನ್ನು ಬೆಂಕಿಗೆ ಹಾಕಿದಳು. ಉಳಿದ ಬೆರಳೆಣಿಕೆಯ ಪತ್ರಗಳಲ್ಲಿ 1775ರ ಜೂನಿನವು ಎರಡು ಸಿಕ್ಕಿದ್ದು ಮೇಜಿನ ಖಾನೆಯಲ್ಲಿ. ಜೆಫರ್ಸನ್ ಮತ್ತು ಅವನ ಹೆಂಡತಿಯ ನಡುವಿನ ಒಂದು ಪತ್ರವೂ ಉಳಿದಿಲ್ಲ. ಆಡಮ್ಸ್ ದಂಪತಿಯನ್ನು ಆ ಕಾಲದ ಸಂಸಾರದ ಮಾದರಿಯೆಂದು ತೋರಿಸುವ ಪುಸ್ತಕಗಳು ರಾಶಿ ಬಿದ್ದಿವೆ. ಅವರು ಮಾದರಿಯಲ್ಲ, ಅಪವಾದ. ಕಾಗದ ಉಳಿದದ್ದಕ್ಕೇ ಮಾದರಿಯಾದರು.

ಇನ್ನು ತಿದ್ದುಪಡಿಯ ಕಥೆ. ಜ್ಯಾರೆಡ್ ಸ್ಪಾರ್ಕ್ಸ್ 1830ರ ದಶಕದಲ್ಲಿ ವಾಷಿಂಗ್ಟನ್ನನ ಬರಹಗಳನ್ನು ಹನ್ನೆರಡು ಸಂಪುಟಗಳಲ್ಲಿ ತಂದ. ದಂಡನಾಯಕನ ಒರಟು ಮಾತನ್ನು ಸಭ್ಯಗೊಳಿಸಿದ, ವಾಕ್ಯಗಳನ್ನು ನೆಟ್ಟಗೆ ಮಾಡಿದ. ಅಷ್ಟಕ್ಕೇ ಬಿಡಲಿಲ್ಲ. ವಾಷಿಂಗ್ಟನ್ ಅಧ್ಯಕ್ಷನಾಗಿ ಮಾಡುವ ಮೊದಲ ಭಾಷಣಕ್ಕೆಂದು ಬರೆದು ಕೈಬಿಟ್ಟ ಕರಡನ್ನು ಕತ್ತರಿಸಿ, ಹಸ್ತಾಕ್ಷರ ಕೇಳಿ ಬಂದವರಿಗೆ ತುಂಡುತುಂಡಾಗಿ ಹಂಚಿದ. ಸಂಪಾದಕನೊಬ್ಬ ತನ್ನ ಮೂಲವನ್ನೇ ಪ್ರಸಾದದ ಹಾಗೆ ಹಂಚಿ ಮುಗಿಸಿದ ಉದಾಹರಣೆ ಬೇರೆ ಇದೆಯೋ ಇಲ್ಲವೋ. ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ಇಷ್ಟು ದೂರ ಹೋದವನಲ್ಲ. 1840ರಲ್ಲಿ ಅಜ್ಜಿಯ ಪತ್ರಗಳನ್ನು ಅಚ್ಚು ಹಾಕಿಸಿದಾಗ ಅವನು ಮಾಡಿದ್ದು ಮರ್ಯಾದಸ್ಥ ಮೊಮ್ಮಗ ಮಾಡುವ ಕೆಲಸ: ಕಾಗುಣಿತ ತಿದ್ದಿದ, ಮನೆವಾರ್ತೆಯ ಗೊಡವೆ ಕಡಿಮೆ ಮಾಡಿದ. ಅಜ್ಜಿ ಗಣರಾಜ್ಯದ ಮಾತೆಯಾದಳು. ಪುಸ್ತಕ ಚೆನ್ನಾಗಿ ಮಾರಾಟವೂ ಆಯಿತು.

ಈ ನಯಗಾರಿಕೆಗೆ ಪೂರ್ಣವಿರಾಮ ಹಾಕಿದ್ದು ಇಪ್ಪತ್ತನೆಯ ಶತಮಾನದ ನಡುವಿನ ಸಂಪಾದಕರು. ಜೂಲಿಯನ್ ಬಾಯ್ಡ್ 1950ರಲ್ಲಿ ಜೆಫರ್ಸನ್ ಪತ್ರಗಳ ಮೊದಲ ಸಂಪುಟ ತಂದಾಗ ಅವನು ಬರೆದದ್ದರ ಜೊತೆಗೆ ಅವನಿಗೆ ಬಂದ ಪತ್ರಗಳಿಗೂ ಜಾಗ ಕೊಟ್ಟರು. ಕೇಳಲು ಸಣ್ಣ ಮಾತು, ಆದರೆ ಅದರಿಂದ ಒಬ್ಬನ ಭಾಷಣವಾಗಿದ್ದದ್ದು ಇಬ್ಬರ ಮಾತುಕತೆಯಾಯಿತು. ಲೈಮನ್ ಬಟರ್‌ಫೀಲ್ಡ್ ಆಡಮ್ಸ್ ಕಾಗದಗಳ ಹೊಣೆ ಹೊತ್ತು ಒಂದು ಹೆಜ್ಜೆ ಮುಂದಿಟ್ಟರು. ಕುಟುಂಬದ ಪತ್ರಗಳನ್ನು ರಾಜಕೀಯ ಪತ್ರಗಳ ಬಾಲಂಗೋಚಿ ಮಾಡದೆ, 1963ರಿಂದ ಅವಕ್ಕೇ ಪ್ರತ್ಯೇಕ ಮಾಲೆ ತೆರೆದರು. ಅಬಿಗೈಲಳ ಕಾಗುಣಿತ ಅವಳದೇ ಆಗಿ ಮರಳಿತು. ಅಡಿಟಿಪ್ಪಣಿಗಳು ಕೆಲವೆಡೆ ಪಠ್ಯವನ್ನೇ ನುಂಗುವಷ್ಟು ಬೆಳೆಯುತ್ತವೆ ಎಂಬ ದೂರು ಸುಳ್ಳಲ್ಲ. ಆದರೂ ಈ ಸಂಪುಟಗಳಿಲ್ಲದೆ ಮುಂದಿನ ಯಾವ ಕೆಲಸವೂ ಆಗುತ್ತಿರಲಿಲ್ಲ.

ಪೂರ್ಣ ಪಠ್ಯ ಕೈಗೆ ಸಿಕ್ಕರೂ ಓದುವ ಅಭ್ಯಾಸ ಬದಲಾಗಲು ತಡವಾಯಿತು. 1776ರ ಮಾರ್ಚ್ 31ರ ಪತ್ರವನ್ನೇ ನೋಡಿ. ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ ಎಂದು ಅಬಿಗೈಲ್ ಗಂಡನಿಗೆ ಹೇಳಿದ್ದು ಇದರಲ್ಲಿ. ಜಾನ್ ಅದನ್ನು ನಕ್ಕು ತಳ್ಳಿಹಾಕಿದ್ದು ಏಪ್ರಿಲ್ 14ರ ಉತ್ತರದಲ್ಲಿ. ಆ ಒಂದು ಮಾತು ಇಂದು ಚಹಾ ಬಟ್ಟಲಿನ ಮೇಲೂ ಇದೆ, ಭಿತ್ತಿಪತ್ರದ ಮೇಲೂ ಇದೆ. ಪತ್ರದ ಉಳಿದ ಭಾಗವನ್ನು ಓದುವವರು ಕಡಿಮೆ. ಬ್ರಿಟಿಷರು ಬಿಟ್ಟುಹೋದ ಬಾಸ್ಟನ್ ಮನೆ ಗಲೀಜಾಗಿದೆ, ಆದರೆ ಹೆಚ್ಚು ಹಾನಿಯಾಗಿಲ್ಲ. ಸಿಡುಬಿನ ಭಯಕ್ಕೆ ತಾನಿನ್ನೂ ಪಟ್ಟಣಕ್ಕೆ ಕಾಲಿಟ್ಟಿಲ್ಲ. ಮನೆಮಂದಿಗೆ ಬಟ್ಟೆ ನೇಯುವುದರಲ್ಲೇ ಕೈ ಬಿಡುವಿಲ್ಲ. ಸಾಬೂನು ಕಾಯಿಸಿ ಮುಗಿದ ಮೇಲೆ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ಮಾಡಿ ನೋಡುತ್ತಾಳಂತೆ. ನಡುವೆ ಇನ್ನೊಂದು ಪ್ರಶ್ನೆ: ಪರರ ಸ್ವಾತಂತ್ರ್ಯ ಕಿತ್ತುಕೊಂಡು ರೂಢಿಯಾದ ವರ್ಜೀನಿಯಾದವರಿಗೆ ಸ್ವಾತಂತ್ರ್ಯದ ಹಂಬಲ ನಮ್ಮಷ್ಟೇ ತೀವ್ರವಾಗಿ ಇದ್ದೀತೇ? ಸಾಬೂನು, ಸಿಡುಬು, ಗುಲಾಮಗಿರಿ, ಹೆಂಗಸರ ಹಕ್ಕು ಒಂದೇ ಉಸಿರಿನಲ್ಲಿ ಬರುತ್ತವೆ. ಒಂದನ್ನು ಕಿತ್ತು ಚೌಕಟ್ಟು ಹಾಕಿದ ಅಭಿಮಾನಿಗಳೂ ಸ್ಪಾರ್ಕ್ಸ್‌ನ ಕತ್ತರಿಯನ್ನೇ ಹಿಡಿದವರು, ಉದ್ದೇಶ ಮಾತ್ರ ಬೇರೆ.

ಈ ಪತ್ರಗಳನ್ನು ಅಂತರಂಗದ ಬಿಚ್ಚುಮಾತೆಂದು ಭಾವಿಸುವುದೂ ದುಡುಕು. 1775ರ ಬೇಸಿಗೆಯಲ್ಲಿ ಜಾನ್ ಬರೆದ ಪತ್ರಗಳು ದಾರಿಯಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ಪತ್ರಿಕೆಯಲ್ಲಿ ಅಚ್ಚಾದವು. ಅವುಗಳಲ್ಲಿ ಹೆಂಡತಿಗೆ ಬರೆದದ್ದೂ ಇತ್ತು. ಲಕೋಟೆಯಿಲ್ಲದೆ ಕಾಗದವನ್ನೇ ಮಡಿಸಿ ಅರಗು ಒತ್ತಿ, ಆ ಕಡೆ ಹೋಗುವ ಪರಿಚಿತನ ಕೈಗೆ ಕೊಟ್ಟು ಕಳಿಸುವ ಕಾಲ. ಬಂದ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದುವ ರೂಢಿ. ನಮ್ಮ ಹಿರಿಯರು ಉಭಯ ಕುಶಲೋಪರಿ ಎಂದು ಶುರುಮಾಡುತ್ತಿದ್ದಂತೆ ಅವರಿಗೂ ಒಕ್ಕಣೆಯ ಚೌಕಟ್ಟಿತ್ತು, ಅದನ್ನು ಕಲಿಸುವ ಕೈಪಿಡಿಗಳಿದ್ದವು. ಅಬಿಗೈಲ್ ತನ್ನ ಹೆಸರಿನ ಬದಲು ರೋಮನ್ ಬ್ರೂಟಸ್‌ನ ಹೆಂಡತಿ ಪೋರ್ಷಿಯಾಳ ಹೆಸರಿನಲ್ಲಿ ಸಹಿ ಮಾಡುತ್ತಿದ್ದಳು. ಭಾವ ಸುಳ್ಳೆಂದಲ್ಲ. ಆದರೆ ಭಾವದ ಪುಟಗಳಿಗಿಂತ ವ್ಯವಹಾರದ ಸಾಲುಗಳಲ್ಲಿ ಅವಳು ಹೆಚ್ಚು ಬಿಚ್ಚಿಕೊಳ್ಳುತ್ತಾಳೆ. ವುಡಿ ಹೋಲ್ಟನ್ 2009ರ ಜೀವನಚರಿತ್ರೆಯಲ್ಲಿ ಹಿಡಿದದ್ದು ಈ ಎಳೆಯನ್ನೇ. ಜಾನ್ ಯೂರೋಪಿನಿಂದ ಕಳಿಸಿದ ಸಾಮಾನು ಮಾರಿಸಿ ಬಂದ ಹಣವನ್ನು ಅವಳು ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿದಳು. ಮದುವೆಯಾದ ಹೆಂಗಸಿಗೆ ಆಸ್ತಿಯೇ ಇಲ್ಲವೆನ್ನುವ ಕಾನೂನಿನ ಕಾಲದಲ್ಲಿ, 1816ರಲ್ಲಿ, ತನ್ನದೇ ಉಯಿಲು ಬರೆದು ಬಹುಪಾಲನ್ನು ಹೆಂಗಸರಿಗೇ ಬಿಟ್ಟಳು.

ಆದರೂ ಇದೆಲ್ಲ ಒಂದು ದೊಡ್ಡ ಮನೆಯ ಒಳಗಿನ ಮಾತು. ಅಟ್ಟವಿಲ್ಲದವರ ಕಾಗದವನ್ನು ಓದುವುದು ಹೇಗೆಂದು ತೋರಿಸಿದವರು ಲಾರೆಲ್ ಥ್ಯಾಚರ್ ಅಲ್ರಿಚ್. ಮೇನ್ ಪ್ರಾಂತ್ಯದ ಕೆನೆಬೆಕ್ ನದಿಯ ದಡದ ಹ್ಯಾಲೊವೆಲ್‌ನಲ್ಲಿ ಮಾರ್ಥಾ ಬ್ಯಾಲಾರ್ಡ್ ಎಂಬ ಸೂಲಗಿತ್ತಿ 1785ರಿಂದ 1812ರವರೆಗೆ ದಿನಚರಿ ಬರೆದಳು. ಹವೆ ಹೇಗಿತ್ತು, ಯಾರ ಮನೆಗೆ ಹೋದೆ, ಯಾರು ಹೆತ್ತರು, ಮಗ್ಗದಲ್ಲಿ ಹೆಣ್ಣುಮಕ್ಕಳು ಎಷ್ಟು ನೇಯ್ದರು. ಹೆರಿಗೆಗಳು 816. ಕೂಲಿ ಕೈಸೇರಿದರೆ ಪಕ್ಕದ ಅಂಚಿನಲ್ಲಿ ಎರಡು ಗುಣಿಲೆ ಗುರುತು. 1870ರಲ್ಲಿ ಊರಿನ ಚರಿತ್ರೆ ಬರೆದ ಮಹನೀಯರೊಬ್ಬರು ಈ ದಿನಚರಿಯನ್ನು ನೋಡಿ, ಕೆಲವನ್ನು ಬಿಟ್ಟರೆ ಸಾಮಾನ್ಯ ಓದುಗರಿಗೆ ಇದರಲ್ಲಿ ಆಸಕ್ತಿಯ ವಿಷಯವಿಲ್ಲವೆಂದು ಷರಾ ಬರೆದರು. ಹಸ್ತಪ್ರತಿ ಉಳಿದದ್ದು ಮರಿಮೊಮ್ಮಗಳ ಮಗಳೊಬ್ಬಳ ಕೈಯಲ್ಲಿ. ಅವಳು ವೈದ್ಯೆಯಾಗಿದ್ದಳು, 1930ರಲ್ಲಿ ಅದನ್ನು ಮೇನ್ ರಾಜ್ಯ ಗ್ರಂಥಾಲಯಕ್ಕೆ ಕೊಟ್ಟಳು.

ಅಲ್ರಿಚ್ ಅವರ 1990ರ ಪುಸ್ತಕದಲ್ಲಿ ಪ್ರತಿ ಅಧ್ಯಾಯದ ಮೊದಲು ದಿನಚರಿಯ ಕೆಲವು ನಮೂದುಗಳು ಇದ್ದ ಹಾಗೆಯೇ ಬರುತ್ತವೆ. ಮೊದಲ ಓದಿಗೆ ಅವು ಬೇಸರ ಹುಟ್ಟಿಸುತ್ತವೆ, ಹುಟ್ಟಿಸಲೇಬೇಕು. ಆಮೇಲೆ ಅವರು ಎಣಿಸುತ್ತಾರೆ, ಜೋಡಿಸುತ್ತಾರೆ, ಊರಿನ ಕೋರ್ಟು ಕಡತದ ಪಕ್ಕ ಇಡುತ್ತಾರೆ. 1791ರ ಅಕ್ಟೋಬರಿನ ಒಂದು ನಮೂದು: ಸ್ಯಾಲಿ ಪಿಯರ್ಸ್ ಎಂಬ ಮದುವೆಯಾಗದ ಹುಡುಗಿಗೆ ಹೆರಿಗೆ. ಹೆರಿಗೆ ನೋವಿನಲ್ಲಿರುವಾಗ ಮಗುವಿನ ತಂದೆ ಯಾರೆಂದು ಸೂಲಗಿತ್ತಿ ಕೇಳಬೇಕು, ಆಗ ಬಂದ ಹೆಸರು ಸುಳ್ಳಾಗಲಾರದು ಎಂಬುದು ಆ ನಾಡಿನ ಕಾನೂನಿನ ನಂಬಿಕೆ. ಮಾರ್ಥಾ ಕೇಳಿದಳು. ಹುಡುಗಿ ಹೇಳಿದ ಹೆಸರು ಮಾರ್ಥಾಳ ಮಗ ಜೊನಾಥನ್‌ದು. ಅವಳು ಅದನ್ನೂ ಹವೆಯ ಪಕ್ಕದಲ್ಲಿ, ಎಂದಿನ ಅಕ್ಷರದಲ್ಲಿ ಬರೆದಿಟ್ಟಳು. ಕೆಲವು ತಿಂಗಳಲ್ಲಿ ಅವರಿಬ್ಬರ ಮದುವೆ ಆಯಿತು. ಕಥೆಗಾರನಾದರೆ ಇಲ್ಲಿ ತಾಯಿಯ ಮನಸ್ಸಿನ ಮೇಲೆ ಎರಡು ಪುಟ ಬರೆಯುತ್ತಿದ್ದ. ಅಲ್ರಿಚ್ ಆ ಆಮಿಷಕ್ಕೆ ಬೀಳುವುದಿಲ್ಲ. ಇಂಥ ಹುಟ್ಟುಗಳು ಎಷ್ಟು, ಎಷ್ಟು ಮದುವೆಯಲ್ಲಿ ಮುಗಿದವು, ಊರು ಅದನ್ನು ಹೇಗೆ ನುಂಗಿಕೊಂಡಿತು ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಿಂದಲೇ ತಾಯಿ ಕಾಣತೊಡಗುತ್ತಾಳೆ. ಆ ಪುಸ್ತಕಕ್ಕೆ 1991ರ ಪುಲಿಟ್ಜರ್ ಬಂತು. ಈ ಇಡೀ ಪರಂಪರೆಯಲ್ಲಿ ನನಗೆ ಎಲ್ಲಕ್ಕಿಂತ ಮೇಲಿನದು ಅದೇ.

ಜಿಲ್ ಲೆಪೋರ್ 2013ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್‌ನ ತಂಗಿ ಜೇನ್ ಮೀಕಮ್ ಮೇಲೆ ಬರೆದ ಪುಸ್ತಕವನ್ನು ಇದರ ಪಕ್ಕ ಇಟ್ಟು ನೋಡಬೇಕು. ಜೇನ್ ಹದಿನೈದಕ್ಕೆ ಮದುವೆಯಾಗಿ ಹನ್ನೆರಡು ಹೆತ್ತಳು. ಹನ್ನೊಂದು ಮಕ್ಕಳು ಅವಳ ಕಣ್ಣೆದುರೇ ಹೋದರು. ಕಾಗದ ಮಡಿಸಿ ದಾರದಲ್ಲಿ ಹೊಲಿದ ಪುಟ್ಟ ಪುಸ್ತಕದಲ್ಲಿ ಅವಳು ಹುಟ್ಟುಸಾವುಗಳನ್ನು ಬರೆದಿಟ್ಟಳು. ಅಣ್ಣ ಬೇರೆ ಯಾರಿಗಿಂತಲೂ ಹೆಚ್ಚು ಪತ್ರ ಬರೆದದ್ದು ಅವಳಿಗೆ, ಆದರೆ ಆತ್ಮಕಥೆಯಲ್ಲಿ ಅವಳ ಹೆಸರೆತ್ತಲಿಲ್ಲ. ನಲವತ್ತು ದಾಟುವ ಮೊದಲು ಅವಳು ಬರೆದ ಒಂದು ಪತ್ರವೂ ಉಳಿದಿಲ್ಲ. ಆ ಖಾಲಿ ಜಾಗವನ್ನು ಲೆಪೋರ್ ಅಣ್ಣನ ಜೀವನದಿಂದ, ಕಾಗದ ಮತ್ತು ಅಚ್ಚಿನ ಚರಿತ್ರೆಯಿಂದ, ತಮ್ಮ ಸೊಗಸಾದ ಗದ್ಯದಿಂದ ತುಂಬುತ್ತಾರೆ. ಓದಿಸಿಕೊಂಡು ಹೋಗುತ್ತದೆ ನಿಜ. ಆದರೆ ಜೇನ್ ಕೊನೆಯವರೆಗೂ ಅಣ್ಣನ ಬೆಳಕು ಬಿದ್ದಷ್ಟೇ ಕಾಣುತ್ತಾಳೆ. ಮಾರ್ಥಾಳ ಪಕ್ಕದಲ್ಲಿ ಅಂಥ ಅಣ್ಣನಿರಲಿಲ್ಲ. ಅದೇ ಒಳ್ಳೆಯದಾಯಿತೇನೋ.

ಇಲ್ಲಿಗೂ ಈ ಓದು ಮುಟ್ಟುವುದು ಅಕ್ಷರ ಬಲ್ಲ, ಪುಸ್ತಕ ಹೊಲಿಯಬಲ್ಲ ಮನೆಗಳನ್ನೇ. ಗುಲಾಮಗಿರಿಯಲ್ಲಿದ್ದವರ ಕುಟುಂಬ ಪತ್ರ ಎಲ್ಲಿದೆ? ಬಾಸ್ಟನ್ನಿನ ಕವಯಿತ್ರಿ ಫಿಲಿಸ್ ವೀಟ್ಲಿ, ನ್ಯೂಪೋರ್ಟಿನ ಗೆಳತಿ ಒಬರ್ ಟ್ಯಾನರ್‌ಗೆ ಬರೆದ ಕೆಲವು ಪತ್ರಗಳಿವೆ. ಟ್ಯಾನರ್ ಬರೆದ ಉತ್ತರಗಳಿಲ್ಲ. ಜೆಫರ್ಸನ್‌ನ ಪಾಪ್ಲರ್ ಫಾರೆಸ್ಟ್ ತೋಟದಿಂದ ಹ್ಯಾನಾ ಎಂಬ ಗುಲಾಮ ಹೆಂಗಸು 1818ರ ನವೆಂಬರಿನಲ್ಲಿ ಒಡೆಯನಿಗೆ ಬರೆದ ಒಂದು ಪತ್ರವಿದೆ: ಮನೆ, ಸಾಮಾನು ಎಲ್ಲ ಭದ್ರವಾಗಿವೆ, ನಿಮಗೆ ಮೈ ಸರಿಯಿಲ್ಲದೆ ಬರಲಾಗಲಿಲ್ಲವೆಂದು ತಿಳಿದು ಬೇಸರವಾಯಿತು, ದೇವರನ್ನು ನೆನೆಯಿರಿ. ಇದರಲ್ಲಿ ಪ್ರೀತಿ ಎಷ್ಟು, ಎಚ್ಚರ ಎಷ್ಟು ಎಂದು ತೂಗಿ ಹೇಳುವ ತಕ್ಕಡಿ ಯಾರ ಬಳಿಯೂ ಇಲ್ಲ.

ಉಳಿದ ದಾಖಲೆಯೆಲ್ಲ ಒಡೆಯನ ಲೆಕ್ಕದ ಪುಸ್ತಕದಲ್ಲಿ. ಜೆಫರ್ಸನ್‌ನ ಫಾರ್ಮ್ ಬುಕ್ಕಿನಲ್ಲಿ ಕಂಬಳಿ ಯಾರಿಗೆ, ಬಟ್ಟೆ ಎಷ್ಟು ಗಜ, ಮೀನು ಎಷ್ಟು ಎಂಬ ಪಟ್ಟಿಗಳ ಮಧ್ಯೆ ಗುಲಾಮ ಹೆಂಗಸು ಸ್ಯಾಲಿ ಹೆಮಿಂಗ್ಸ್‌ಳ ಹೆಸರು, ಅದರಡಿ ಮಕ್ಕಳದು: 1798ರ ಬೆವರ್ಲಿ, 1801ರ ಹ್ಯಾರಿಯೆಟ್, 1805ರ ಮ್ಯಾಡಿಸನ್, 1808ರ ಎಸ್ಟನ್. ತಂದೆಯ ಹೆಸರಿಲ್ಲ. 1822ಕ್ಕೆ ಬೆವರ್ಲಿ ಮತ್ತು ಹ್ಯಾರಿಯೆಟ್ ಓಡಿಹೋದರೆಂಬ ನಮೂದಿದೆ. ಆದರೆ ಹ್ಯಾರಿಯೆಟ್ ಎಂದೇ ಗುರುತಿಸಲಾಗುವ ಹುಡುಗಿಗೆ ಒಡೆಯನ ಅಪ್ಪಣೆಯಂತೆ ಐವತ್ತು ಡಾಲರ್ ಮತ್ತು ಗಾಡಿ ಖರ್ಚು ಕೊಟ್ಟು ಕಳಿಸಿದೆನೆಂದು ಮೇಸ್ತ್ರಿ ಎಡ್ಮಂಡ್ ಬೇಕನ್ ವಯಸ್ಸಾದ ಮೇಲೆ ನೆನೆಸಿಕೊಂಡ. ಹಣ ಕೊಟ್ಟು ಕಳಿಸಿದವಳನ್ನು ಲೆಕ್ಕದಲ್ಲಿ ಓಡಿಹೋದವಳೆಂದು ಬರೆದ ಆ ಒಂದು ಪದ, ಈ ಮನೆಯ ಎಷ್ಟೋ ಪತ್ರಗಳಿಗಿಂತ ಹೆಚ್ಚು ಕುಟುಂಬದ ಗುಟ್ಟು ಹೊತ್ತಿದೆ.

ಜೆಫರ್ಸನ್ ತಮ್ಮ ತಂದೆಯೆಂದು ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಒಹಾಯೊದ ಪತ್ರಿಕೆಯೊಂದಕ್ಕೆ ಸ್ಪಷ್ಟವಾಗಿ ಹೇಳಿದ. ಜೆಫರ್ಸನ್‌ನ ಮೊಮ್ಮಗಳು ಎಲೆನ್ ಕೂಲಿಜ್ 1858ರಲ್ಲೇ ಗಂಡನಿಗೆ ಬರೆದ ಪತ್ರದಲ್ಲಿ ಅದೆಲ್ಲ ಅಸಾಧ್ಯವೆಂದಿದ್ದಳು. ಇತಿಹಾಸಕಾರರು ನೂರು ವರ್ಷ ನಂಬಿದ್ದು ಮೊಮ್ಮಗಳ ಕಡೆಯ ಮಾತನ್ನು. ಎರಡೂ ಕುಟುಂಬದ ಸಾಕ್ಷ್ಯವೇ, ಎರಡರಲ್ಲೂ ಸ್ವಾರ್ಥವಿದ್ದೀತು. ಒಂದನ್ನು ಮಾತ್ರ ಅನುಮಾನಿಸಿದ್ದೇಕೆ ಎಂದು ವಕೀಲಿಕೆ ಕಲಿತ ಅನೆಟ್ ಗಾರ್ಡನ್-ರೀಡ್ 1997ರಲ್ಲಿ ಕೇಳಿದರು. ಮರುವರ್ಷ ಎಸ್ಟನ್ ವಂಶದ ಡಿಎನ್‌ಎ ಪರೀಕ್ಷೆ ಜೆಫರ್ಸನ್ ವಂಶದ ಗಂಡುಗೆರೆಗೆ ಹೊಂದಿತು. ಎದ್ದು ಕಾಣುವುದು ಪರೀಕ್ಷೆಯ ಫಲಿತಾಂಶವೇ ಆದರೂ ಅದಕ್ಕಿಂತ ಮುಖ್ಯವಾದದ್ದು ಅವರ ಪ್ರಶ್ನೆ. ಕುಟುಂಬ ಪತ್ರ ಎಂಬ ಹಣೆಪಟ್ಟಿಯೇ ಒಂದು ತೀರ್ಪು ಎಂದು ಅದು ತೋರಿಸಿತು.

ಆ ತೀರ್ಪನ್ನು ಪುಸ್ತಕದ ಕಪಾಟಿನಲ್ಲೇ ನೋಡಬಹುದು. ಎಡ್ವಿನ್ ಬೆಟ್ಸ್ ಎಂಬ ಒಬ್ಬರೇ ಸಂಪಾದಕರು 1953ರಲ್ಲಿ ಫಾರ್ಮ್ ಬುಕ್ಕನ್ನು ಅಚ್ಚಿಗೆ ತಂದರು. ಅವರು ತೀರಿಕೊಂಡ ಮೇಲೆ ಜೇಮ್ಸ್ ಬೇರ್ ಪೂರೈಸಿದ ಜೆಫರ್ಸನ್ ಕುಟುಂಬ ಪತ್ರಗಳ ಸಂಪುಟ 1966ರಲ್ಲಿ ಬಂತು. ಒಂದೇ ಬೆಟ್ಟದ ಮೇಲಿನ ಒಂದೇ ಮನೆ, ಒಂದೇ ಕೈಬರಹ. ಒಂದರ ಹೆಸರು ಕೃಷಿ, ಇನ್ನೊಂದರ ಹೆಸರು ಕುಟುಂಬ. ಅಧ್ಯಕ್ಷನಾಗಿದ್ದಾಗ ಜೆಫರ್ಸನ್ ವಾಷಿಂಗ್ಟನ್ನಿನಿಂದ ಮೊಮ್ಮಕ್ಕಳಿಗೆ ಹೂಗಿಡ, ಬ್ಯಾಂಟಮ್ ಕೋಳಿಗಳ ವಿಷಯ ಬರೆಯುತ್ತಿದ್ದ ವರ್ಷಗಳಲ್ಲೇ ಮ್ಯಾಡಿಸನ್ ಮತ್ತು ಎಸ್ಟನ್ ಆ ಮನೆಯಲ್ಲಿ ಹುಟ್ಟಿದರು. ಕೋಳಿಯ ಪತ್ರದ ಮುಂದಿನ ಪುಟದಲ್ಲೇ ಕಂಬಳಿಯ ಪಟ್ಟಿ, ಅದರ ಕೆಳಗೆ ಹುಟ್ಟಿದ ಮಗುವಿನ ಹೆಸರು, ಎಲ್ಲವೂ ತಾರೀಖಿನ ಕ್ರಮದಲ್ಲಿ ಒಂದೇ ಸಂಪುಟದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಬರಬೇಕು. ನಾನು ಓದಬೇಕೆಂದಿರುವುದು ಆ ಸಂಪುಟವನ್ನು.